ವಿಮಾನ ರೆಡಿ, ಹಾರಿಸೋರು ಎಲ್ಲಿ?

ಕೈಯಲ್ಲೊಂದು ಡಬ್ಬಿ. ಡಬ್ಬಿ ಮೇಲೆ ಎರಡು ಕಡ್ಡಿ. ಹೆಬ್ಬೆರಳಲ್ಲಿ ಆ ಕಡ್ಡಿಯನ್ನು ಒಂದಿಷ್ಟು ತಳ್ಳಿದರೆ ಸಾಕು, ನೂರೈವತ್ತು ಅಡಿ ಮೇಲಿರೋ ಪುಟ್ಟ ವಿಮಾನ ರೆಕ್ಕೆ ವಾಲಿಸಿ ತಿರುಗುತ್ತೆ. ದಾರ ಇಲ್ಲ, ತಂತಿ ಇಲ್ಲ. ನೋಡಿದವರು ಮೊದಲು ಬಾಯಿ ಬಿಟ್ಕೊಂಡು ನಿಲ್ತಾರೆ. ಆಮೇಲೆ ಕೇಳೋ ಪ್ರಶ್ನೆ ಒಂದೇ: 'ಮಕ್ಕಳಾಟ ಅಲ್ವಾ ಸ್ವಾಮಿ ಇದು?'

ಮಕ್ಕಳಾಟ ಅಂದ್ರೆ ಮಕ್ಕಳಾದರೂ ಬರಬೇಕಲ್ಲ! ಅವರೂ ಬರ್ತಿಲ್ಲ ಅನ್ನೋದೇ ತಕರಾರು. ರೇಡಿಯೋ ಕಂಟ್ರೋಲ್ ಹವ್ಯಾಸದ ಕ್ಲಬ್ಬುಗಳಲ್ಲಿ ಸಾಮಾನ್ಯವಾಗಿ ಕೇಳಿಬರೋ ಗೋಳು ಇದು. ಹಳಬರ ತಲೆ ಬೆಳ್ಳಗಾಯ್ತು, ಕಣ್ಣಿಗೆ ಪೊರೆ ಬಂತು. ಹೊಸ ಮುಖ ಮಾತ್ರ ಕಾಣೆ. ವಿಮಾನ ಇದೆ, ಕಾರಿದೆ, ದೋಣಿ ಇದೆ. ಕಲಿಸೋಕೆ ಜನರೂ ಇದ್ದಾರೆ. ಕಲಿಯೋರು ಎಲ್ಲಿ?

'ನಾನು ಅಂಗಡಿ ಬಾಗಿಲು ಎಳೆಯೋದೇ ರಾತ್ರಿ ಒಂಬತ್ತಕ್ಕೆ. ಇನ್ನೊಬ್ಬರು ಬನಶಂಕರಿಯಿಂದ ಮೆಜೆಸ್ಟಿಕ್‌ಗೆ ನಿಂತೇ ಹೋಗಿ ನಿಂತೇ ಬರ್ತಾರೆ. ನಮಗ್ಯಾಕಪ್ಪಾ ವಿಮಾನ?' ಅಂತ ನೀವು ಕೇಳಬಹುದು. ಕೇಳೋದು ನ್ಯಾಯವೇ. ಆದರೆ ನಿಮ್ಮ ಮನೆಯಲ್ಲೊಬ್ಬ ಹುಡುಗನೋ ಹುಡುಗಿಯೋ ಇದ್ದಾರಲ್ಲ, ಮೊಬೈಲು ಬಿಟ್ಟು ತಲೆ ಎತ್ತದವರು? ಹಬ್ಬಕ್ಕೆ ಕೊಡಿಸಿದ ರಿಮೋಟ್ ಕಾರು ಕೆಟ್ಟು ಅಟ್ಟದ ಮೇಲೆ ಕೂತಿದೆಯಲ್ಲ? ಈ ಮಾತು ಆ ಹುಡುಗನಿಗೆ, ಆ ಹುಡುಗಿಗೆ, ಆ ಕಾರಿಗೆ ಸಂಬಂಧಪಟ್ಟದ್ದು.

ಶುರುವಾಗಿದ್ದೇ ಹವ್ಯಾಸದಿಂದ

ಇದೇನೋ ವಿದೇಶದಿಂದ ನಿನ್ನೆ ಮೊನ್ನೆ ಬಂದ ಶೋಕಿ ಅಂದ್ಕೋಬೇಡಿ. 1895ರಲ್ಲಿ ಕಲ್ಕತ್ತಾದ ಟೌನ್ ಹಾಲಿನಲ್ಲಿ ಜಗದೀಶಚಂದ್ರ ಬೋಸರು ಕಣ್ಣಿಗೆ ಕಾಣದ ಅಲೆಗಳನ್ನು ಗೋಡೆಯಾಚೆ ಕಳಿಸಿ ಗಂಟೆ ಬಾರಿಸಿದರು, ಮದ್ದು ಸಿಡಿಸಿದರು. ದೂರದಿಂದ ಗುಂಡಿ ಒತ್ತಿ ಕೆಲಸ ಮಾಡಿಸೋ ವಿದ್ಯೆ ಅಲ್ಲಿಂದಲೇ ಕಣ್ಣು ಬಿಟ್ಟಿತು ಅನ್ನಬಹುದು. ಮೂರು ವರ್ಷ ಬಿಟ್ಟು, 1898ರಲ್ಲಿ, ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ನಿಕೋಲಾ ಟೆಸ್ಲಾ ಒಂದು ಪುಟ್ಟ ದೋಣಿಯನ್ನು ರೇಡಿಯೋದಿಂದ ಓಡಿಸಿ ತೋರಿಸಿದರು. 1937ರಲ್ಲಿ ಅಮೆರಿಕದ ಗುಡ್ ಅನ್ನೋ ಅವಳಿ ಅಣ್ಣತಮ್ಮಂದಿರು, ವಾಲ್ಟರ್ ಮತ್ತು ವಿಲಿಯಂ, ರೇಡಿಯೋ ಮಾತು ಕೇಳೋ ಮಾದರಿ ವಿಮಾನ ಹಾರಿಸಿದರು. ಆ ವಿಮಾನ ಇವತ್ತು ಅಲ್ಲಿನ ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯದಲ್ಲಿದೆ. ಇಬ್ಬರು ಹುಡುಗರ ಹವ್ಯಾಸ ಅದು, ಕಂಪನಿ ಕೆಲಸ ಅಲ್ಲ.

ಅಷ್ಟು ದೂರ ಯಾಕೆ? ನಮ್ಮ ಮೈಸೂರನ್ನೇ ನೋಡಿ. 1935ರಲ್ಲಿ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರೊಫೆಸರು ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆ 'ವಿಠಲ ವಿಹಾರ'ದಲ್ಲೇ ಸಣ್ಣದೊಂದು ಪ್ರಸಾರ ಯಂತ್ರ ಇಟ್ಕೊಂಡು ರೇಡಿಯೋ ಕೇಂದ್ರ ಶುರು ಮಾಡಿದರು. ಸರ್ಕಾರಿ ಅಪ್ಪಣೆ ಕಾಯ್ಕೊಂಡು ಕೂತ ಅಧಿಕಾರಿ ಅಲ್ಲ, ಪಾಠ ಹೇಳೋ ಮೇಷ್ಟ್ರು. ಆ ಕೇಂದ್ರಕ್ಕಿಟ್ಟ 'ಆಕಾಶವಾಣಿ' ಅನ್ನೋ ಹೆಸರನ್ನೇ ಮುಂದೆ ಇಡೀ ದೇಶದ ರೇಡಿಯೋ ತಗೊಂಡಿತು. ಒಬ್ಬರ ಹವ್ಯಾಸ, ಊರಿನ ನಾಲ್ಕು ಜನರ ಬೆಂಬಲ, ಅಷ್ಟೇ ಬಂಡವಾಳ.

ಬೆಂಗಳೂರಿಗೆ ಬಂದರೆ, ಹ್ಯಾಮ್ ರೇಡಿಯೋದವರ ಬೆಂಗಳೂರು ಅಮೆಚೂರ್ ರೇಡಿಯೋ ಕ್ಲಬ್ 1959ರಲ್ಲಿ ಹುಟ್ಟಿತು. ಹ್ಯಾಮ್‌ನವರು ರೇಡಿಯೋದಲ್ಲಿ ಮಾತಾಡ್ತಾರೆ, ನಮ್ಮ ವಿಮಾನದವರು ರೇಡಿಯೋದಲ್ಲಿ ಓಡಿಸ್ತಾರೆ. ದಾಯಾದಿಗಳು ಅನ್ನಿ. ಅವರು ಬಾಳಿದ ಗುಟ್ಟು ಏನು? ಅಲ್ಲಿ ಪರೀಕ್ಷೆ ಪಾಸು ಮಾಡದೆ, ಲೈಸೆನ್ಸ್ ಇಲ್ಲದೆ ಮೈಕು ಮುಟ್ಟೋ ಹಾಗಿಲ್ಲ. ಆದ್ದರಿಂದ ಹಳಬರು ಹೊಸಬರಿಗೆ ಪಾಠ ಹೇಳಲೇಬೇಕು. ಪಾಠ ಇದ್ದಲ್ಲಿ ಶಿಷ್ಯರಿರ್ತಾರೆ, ಶಿಷ್ಯರಿದ್ದಲ್ಲಿ ಸಂಘ ಇರುತ್ತೆ. ಈ ಮಾತನ್ನು ಸ್ವಲ್ಪ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಬಟ್ಟೆ ಕ್ಲಿಪ್ಪಿನ ಕಾಲ

ಹಿಂದೆ ರೇಡಿಯೋ ಕಂಟ್ರೋಲಿನವರಿಗೂ ಕ್ಲಬ್ಬು ಬೇಕೇ ಬೇಕಾಗಿತ್ತು. ಯಾಕೆ ಅಂತೀರಾ? ಆಗಿನ ಸೆಟ್ಟುಗಳು 27 ಮೆಗಾಹರ್ಟ್ಸ್‌ನಂಥ ಪಟ್ಟಿಗಳಲ್ಲಿ ಕೆಲಸ ಮಾಡ್ತಿದ್ದವು. ಒಂದೊಂದು ಸೆಟ್ಟಿಗೆ ಒಂದು ಜೊತೆ ಕ್ರಿಸ್ಟಲ್, ಅದಕ್ಕೊಂದು ಚಾನೆಲ್ ನಂಬರ್. ನೀವು ಒಂದು ಚಾನೆಲ್ಲಿನಲ್ಲಿ ಹಾರಿಸ್ತಾ ಇದ್ದೀರಿ, ಆ ಕಡೆಯಿಂದ ಇನ್ನೊಬ್ಬ ಬಂದು ಅದೇ ಚಾನೆಲ್ಲಿನ ಸ್ವಿಚ್ ಹಾಕಿದ ಅಂದ್ಕೊಳ್ಳಿ. ಮುಗೀತು! ನಿಮ್ಮ ವಿಮಾನಕ್ಕೆ ಯಜಮಾನ ಯಾರು ಅಂತಲೇ ಗೊತ್ತಾಗಲ್ಲ. ತೆಂಗಿನಕಾಯಿ ಬಿದ್ದ ಹಾಗೆ ಬೀಳೋದೇ.

ಅದಕ್ಕೇ ಮೈದಾನದ ಅಂಚಿನಲ್ಲಿ ಒಂದು ಹಲಗೆ ನಿಲ್ಲಿಸ್ತಿದ್ರು. ಹಲಗೆ ಮೇಲೆ ಚಾನೆಲ್ ನಂಬರುಗಳು, ಒಂದೊಂದು ನಂಬರಿಗೆ ಬಟ್ಟೆ ಒಣಹಾಕೋ ಕ್ಲಿಪ್ಪಿನಂಥದ್ದೊಂದು. ಕ್ಲಿಪ್ಪು ನಿಮ್ಮ ಕೈಲಿದ್ದರೆ ಮಾತ್ರ ಸ್ವಿಚ್ ಹಾಕಬಹುದು. ಇಲ್ಲಾಂದ್ರೆ ಕಾಯಬೇಕು. ಕಾಯೋವಾಗ ಏನು ಮಾಡ್ತೀರಿ? ಪಕ್ಕದವನ ಜೊತೆ ಮಾತು. 'ಇದು ಯಾವ ಮರ?' 'ಅಂಟು ಎಲ್ಲಿ ತಂದ್ರಿ?' 'ಬಾಲ ಯಾಕೆ ಸೊಟ್ಟ?' ಹೀಗೇ ಗೆಳೆತನ, ಹೀಗೇ ವಿದ್ಯೆ. ಒಬ್ಬನೇ ಹೋಗಿ ಹಾರಿಸ್ತೀನಿ ಅನ್ನೋ ಧೈರ್ಯ ಯಾರಿಗೂ ಇರಲಿಲ್ಲ.

ಈಗ ಕಾಲ ಬದಲಾಯ್ತು. 2005ರಲ್ಲಿ ಕೇಂದ್ರ ಸರ್ಕಾರ 2.4 ಗಿಗಾಹರ್ಟ್ಸ್ ಪಟ್ಟಿಯನ್ನು ಕಡಿಮೆ ಶಕ್ತಿಯ ಉಪಕರಣಗಳಿಗೆ ಲೈಸೆನ್ಸ್ ಇಲ್ಲದೆ ಬಿಟ್ಟುಕೊಟ್ಟಿತು. ಮನೆಯ ವೈಫೈ ಓಡೋದೂ ಈ ಪಟ್ಟಿಯಲ್ಲೇ. ಇವತ್ತಿನ ರಿಮೋಟುಗಳು ಇದರಲ್ಲೇ ಕೆಲಸ ಮಾಡ್ತವೆ. ಒಂದು ಡಬ್ಬಿಗೂ ಅದರ ವಿಮಾನಕ್ಕೂ ಮೊದಲೇ ಗಂಟು ಹಾಕಿಟ್ಟರೆ ಆಯ್ತು, ಬೇರೆ ಡಬ್ಬಿಯ ಮಾತನ್ನು ಅದು ಕೇಳಲ್ಲ. ಸಂಕೇತ ಒಂದು ಕಡೆ ನಿಲ್ಲದೆ ಆ ಚಾನೆಲ್ಲಿಂದ ಈ ಚಾನೆಲ್ಲಿಗೆ ನೆಗೀತಾ ಇರುತ್ತೆ. ಒಂದೇ ಮೈದಾನದಲ್ಲಿ ಹತ್ತು ಜನ ಒಟ್ಟಿಗೆ ಹಾರಿಸಿದರೂ ಜಗಳ ಇಲ್ಲ.

ಒಳ್ಳೇದೇ ಆಯ್ತಲ್ಲ ಅಂತೀರಿ. ಒಳ್ಳೇದೇ. ಆದರೆ ಹಲಗೆ ಹೋಯ್ತು, ಕ್ಲಿಪ್ಪು ಹೋಯ್ತು, ಕಾಯೋದು ಹೋಯ್ತು. ಕಾಯೋದರ ಜೊತೆಗೆ ಮಾತೂ ಹೋಯ್ತು. ಮನೆಮನೆಗೆ ಫೋನ್ ಬಂದ ಮೇಲೆ ಪಕ್ಕದ ಮನೆಗೆ ಫೋನ್ ಮಾಡೋಕೆ ಹೋಗೋದು ನಿಂತು, ಅವರ ಮನೆಯ ಕಾಫಿ ರುಚಿಯೇ ಮರೆತುಹೋಯ್ತಲ್ಲ, ಹಂಗೆ. ಯಾರನ್ನೂ ಕೇಳದೆ ಸ್ವಿಚ್ ಹಾಕಬಹುದು ಅಂದ್ರೆ ಯಾರಾದರೂ ಕ್ಲಬ್ಬಿಗೆ ಯಾಕೆ ಬರ್ತಾರೆ? ಕ್ಲಬ್ಬಿನವರು 'ಈಗಿನ ಹುಡುಗರಿಗೆ ಆಸಕ್ತಿಯೇ ಇಲ್ಲ' ಅಂತ ಬೈಯೋ ಮೊದಲು ಇದನ್ನು ಯೋಚಿಸಬೇಕು. ಆಸಕ್ತಿ ಹೋಗಿಲ್ಲ, ಅನಿವಾರ್ಯ ಹೋಗಿದೆ. ಆ ಅನಿವಾರ್ಯದ ಜಾಗದಲ್ಲಿ ಬೇರೆ ಏನನ್ನಾದರೂ ಇಡಬೇಕು.

ಒಂಟಿ ಹಾರಾಟ, ಹತ್ತೇ ಸೆಕೆಂಡು

ಏನನ್ನು ಇಡೋದು? ಉತ್ತರ ಆ ಒಂಟಿ ಹಾರಾಟಗಾರನ ಕಥೆಯಲ್ಲೇ ಇದೆ. ಹುಡುಗ ಇಂಟರ್ನೆಟ್ಟಿನಲ್ಲಿ ನೋಡ್ತಾನೆ, ಅಪ್ಪನ ಹತ್ತಿರ ಕಾಡಿ ಬೇಡಿ ತರಿಸ್ಕೊಳ್ತಾನೆ, ಮೈದಾನಕ್ಕೆ ಹೋಗಿ ಎಸೀತಾನೆ. ವಿಮಾನ ದೂರ ಹೋಗೋವಾಗ ಎಲ್ಲ ಸರಿ. ಎಡಕ್ಕೆ ತಳ್ಳಿದರೆ ಎಡಕ್ಕೆ, ಬಲಕ್ಕೆ ತಳ್ಳಿದರೆ ಬಲಕ್ಕೆ. ಆದರೆ ತಿರುಗಿ ಅವನ ಕಡೆಗೇ ಬರೋಕೆ ಶುರುವಾದಾಗ ಎಡ ಬಲ ಅದಲುಬದಲು. ಹುಡುಗನ ಬಲಗೈ ಕಡೆಗೆ ಹೋಗಬೇಕಾದ ವಿಮಾನ ಎಡಗೈ ಕಡೆಗೆ ಹೋಗುತ್ತೆ. ಅವನು ಗಾಬರಿಯಾಗಿ ಇನ್ನೂ ಜೋರಾಗಿ ತಳ್ತಾನೆ. ಧಡಾರ್! ಹತ್ತು ಸೆಕೆಂಡಿನಲ್ಲಿ ಸಾವಿರಾರು ರೂಪಾಯಿ ನೆಲಕ್ಕೆ. ಅಲ್ಲಿಗೆ ಹವ್ಯಾಸ ಸಮಾಪ್ತಿ. ಡಬ್ಬ ಅಟ್ಟಕ್ಕೆ. ಅಪ್ಪನ ಬೈಗುಳ ಬೋನಸ್ಸು.

ಇದಕ್ಕೆ ಮದ್ದು ಎಷ್ಟೋ ವರ್ಷಗಳ ಹಿಂದೆಯೇ ಇದೆ. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಮೇಷ್ಟ್ರ ಕಾಲಡಿಯಲ್ಲೂ ಒಂದು ಬ್ರೇಕ್ ಇರುತ್ತಲ್ಲ, ಹಾಗೆ ಎರಡು ರಿಮೋಟುಗಳನ್ನು ಜೋಡಿಸಬಹುದು. ಒಂದು ಶಿಷ್ಯನ ಕೈಲಿ, ಒಂದು ಗುರುವಿನ ಕೈಲಿ. ಶಿಷ್ಯ ತಪ್ಪಿದಾಗ ಗುರು ಒಂದು ಸ್ವಿಚ್ ಬಿಟ್ಟರೆ ವಿಮಾನ ಗುರುವಿನ ಕೈಗೆ. ಎತ್ತರಕ್ಕೆ ತಗೊಂಡು ಹೋಗಿ ಮತ್ತೆ ಶಿಷ್ಯನಿಗೇ ಕೊಡ್ತಾನೆ. ವಿಮಾನವೂ ಉಳೀತು, ಹುಡುಗನ ಉತ್ಸಾಹವೂ ಉಳೀತು.

ಇದನ್ನು ಯಾವ ಆನ್‌ಲೈನ್ ಅಂಗಡಿಯೂ ಕೊರಿಯರ್ ಮಾಡಲ್ಲ. ಎರಡನೇ ಡಬ್ಬಿ ಹಿಡ್ಕೊಂಡು ಪಕ್ಕದಲ್ಲಿ ನಿಲ್ಲೋ ಮನುಷ್ಯ ಬೇಕು. ಹ್ಯಾಮ್‌ನವರ ಮಾತು ನೆನಪಿಟ್ಕೊಳ್ಳಿ ಅಂದಿದ್ದು ಇದಕ್ಕೇ. ಕ್ಲಬ್ಬು ಅಂದ್ರೆ ಮೊದಲು ಪಾಠಶಾಲೆ, ಆಮೇಲೆ ಪ್ರದರ್ಶನ.

ಮೈದಾನ ಎಲ್ಲಿದೆ, ತೋರಿಸಿ

ಜಯನಗರಕ್ಕೆ ಅಡಿಗಲ್ಲು ಬಿದ್ದದ್ದು 1948ರಲ್ಲಿ. ಅಗಲ ರಸ್ತೆ, ಸಾಲುಮರ, ಬ್ಲಾಕಿಗೊಂದು ಪಾರ್ಕು ಅಂತ ಲೆಕ್ಕ ಹಾಕಿ ಕಟ್ಟಿದ ಬಡಾವಣೆ. ಅಂಥ ಜಯನಗರದಲ್ಲೇ ಭಾನುವಾರ ಬೆಳಗ್ಗೆ ಖಾಲಿ ಮೈದಾನ ಹುಡುಕಿ ನೋಡೋಣ! ಐದನೇ ಬ್ಲಾಕಿನ ಶಾಲಿನಿ ಮೈದಾನ ಆಗಲಿ, ಇನ್ಯಾವುದೇ ಆಗಲಿ, ಭಾನುವಾರ ಬಂತು ಅಂದ್ರೆ ಕ್ರಿಕೆಟ್ಟಿನವರದ್ದೇ ರಾಜ್ಯ. ಪಾರ್ಕುಗಳಲ್ಲಿ ವಾಕಿಂಗಿನವರು, ಯೋಗದವರು, ಅಜ್ಜ ಅಜ್ಜಿ, ಎಳೆ ಮಕ್ಕಳು. ಅವರ ತಲೆ ಮೇಲೆ ವಿಮಾನ ಹಾರಿಸೋದು ತಪ್ಪು, ಅಪಾಯ. ಕೆರೆಯಲ್ಲಿ ದೋಣಿ ಬಿಡೋಣ ಅಂದ್ರೆ ಪುಟ್ಟೇನಹಳ್ಳಿ, ಸಾರಕ್ಕಿ, ಮಡಿವಾಳ ಎಲ್ಲ ಕಡೆ ಹಕ್ಕಿಗಳ ಸಂಸಾರ. ಸಂಬಂಧಪಟ್ಟವರ ಒಪ್ಪಿಗೆ ಇಲ್ಲದೆ ಬ್ಯಾಟರಿ ದೋಣಿ ಇಳಿಸಿ ಅವುಗಳ ಗೂಡು ಕೆಡಿಸೋದು ಸಲ್ಲ.

ಹಾಗಾಗಿ ವಿಮಾನದವರು ಕನಕಪುರ ರಸ್ತೆ, ಹೊಸೂರು ರಸ್ತೆಯ ಆಚೆ ಬಯಲು ಹುಡುಕ್ಕೊಂಡು ಹೋಗೋ ಪರಿಸ್ಥಿತಿ. ಕಾರಿದ್ದವರಿಗೆ ಸರಿ. ಬಸ್ಸಿನವರ ಗತಿ ಏನು? ನಾಲ್ಕಡಿ ರೆಕ್ಕೆ ಹಿಡ್ಕೊಂಡು ಬಿಎಂಟಿಸಿ ಹತ್ತಿದರೆ ಕಂಡಕ್ಟರು 'ಇದಕ್ಕೂ ಟಿಕೆಟ್ ತಗೊಳ್ಳಿ' ಅಂದ್ರೆ ಆಶ್ಚರ್ಯ ಇಲ್ಲ. ಬಾಗಿಲಲ್ಲಿ ನಿಂತವರ ಕಣ್ಣಿಗೆ ಬಾಲ ಚುಚ್ಚಿದರೆ ಇನ್ನೊಂದು ರಾಮಾಯಣ.

ಇಲ್ಲೇ ಕ್ಲಬ್ಬಿನವರು ಬುದ್ಧಿ ಓಡಿಸಬೇಕು. ಮೊದಲನೇದು, ಹೊಸಬರಿಗೆ ವಿಮಾನದಿಂದ ಶುರು ಮಾಡೋದೇ ಬೇಡ. ಕಾರಿನಿಂದ ಶುರು ಮಾಡಿ. ಶಾಲೆಯ ಬ್ಯಾಸ್ಕೆಟ್‌ಬಾಲ್ ಅಂಕಣ ಸಾಕು, ನಾಲ್ಕು ಹಳೇ ಟೈರು, ಒಂದಿಷ್ಟು ಇಟ್ಟಿಗೆ ಇಟ್ಟರೆ ಟ್ರ್ಯಾಕ್ ರೆಡಿ. ಎಡ ಬಲ ಅದಲುಬದಲಾಗೋ ಪಾಠ ನೆಲದ ಮೇಲೇ ಕಲಿತರೆ ಪೆಟ್ಟೂ ಇಲ್ಲ, ಖರ್ಚೂ ಇಲ್ಲ. ಎರಡನೇದು, ರೆಕ್ಕೆ ಬಿಚ್ಚಿ ಚೀಲಕ್ಕೆ ಹಾಕೋ ಹಾಗಿರೋ ವಿಮಾನವನ್ನೇ ಹೊಸಬರಿಗೆ ಕಟ್ಟಿಸಿ. ಮೂರನೇದು, ಮೆಟ್ರೋ ಬಂದಿದೆಯಲ್ಲ. ಹಸಿರು ಮಾರ್ಗ 2021ರಿಂದ ಕನಕಪುರ ರಸ್ತೆಯ ರೇಷ್ಮೆ ಸಂಸ್ಥೆವರೆಗೆ ಹೋಗ್ತಿದೆ. ಹಳದಿ ಮಾರ್ಗ 2025ರ ಆಗಸ್ಟ್‌ನಿಂದ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಓಡ್ತಿದೆ, ಬಿಟಿಎಂನವರಿಗೂ ಸ್ಟೇಷನ್ ಇದೆ. ಕೊನೇ ಸ್ಟೇಷನ್ನಿಗೆ ಹುಡುಗರು ಬರಲಿ, ಕಾರಿರೋ ಸದಸ್ಯರು ಅಲ್ಲಿಂದ ಕೂರಿಸ್ಕೊಂಡು ಹೋಗಲಿ. ಇಷ್ಟು ಮಾಡದೆ 'ಯಾರೂ ಬರಲ್ಲ' ಅಂದ್ರೆ ಬರೋದಾದರೂ ಹೇಗೆ?

ಕಾನೂನು ಏನನ್ನುತ್ತೆ?

'ಪೊಲೀಸ್ನೋರು ಹಿಡೀತಾರೆ ಸಾರ್' ಅನ್ನೋ ಭಯ ಅಪ್ಪ ಅಮ್ಮಂದಿರಿಗೆ. ಭಯ ಪೂರ್ತಿ ಸುಳ್ಳಲ್ಲ. ಆಕಾಶ ಯಾರ ಅಪ್ಪನದ್ದೂ ಅಲ್ಲ ಅನ್ನೋ ಕಾಲ ಹೋಯ್ತು. 2021ರ ಆಗಸ್ಟ್ 25ರಂದು ಕೇಂದ್ರದ ಡ್ರೋನ್ ನಿಯಮಗಳು ಜಾರಿಗೆ ಬಂದವು. ಮಾದರಿ ವಿಮಾನಕ್ಕೂ ಇವೇ ನಿಯಮ. ಮುಖ್ಯವಾದದ್ದು ಇಷ್ಟು.

ಪೂರಾ ತೂಕ 250 ಗ್ರಾಂ ಒಳಗಿದ್ದರೆ ಅದು 'ನ್ಯಾನೋ'. ಅಲ್ಲಿಂದ 2 ಕಿಲೋವರೆಗೆ 'ಮೈಕ್ರೋ'. ನ್ಯಾನೋ ಹಾರಿಸೋಕೆ ಪೈಲಟ್ ಸರ್ಟಿಫಿಕೇಟ್ ಬೇಡ. ವ್ಯಾಪಾರಕ್ಕಲ್ಲದೆ ಮೈಕ್ರೋ ಹಾರಿಸೋಕೂ ಬೇಡ. ಓದು, ಸಂಶೋಧನೆ, ಮನರಂಜನೆಗಾಗಿ ಕಣ್ಣಳತೆಯಲ್ಲೇ ಹಾರಿಸೋ 25 ಕಿಲೋವರೆಗಿನ ಯಂತ್ರಗಳಿಗೆ 'ಮಾದರಿ' ಅಂತಲೇ ಒಂದು ವರ್ಗ ಇಟ್ಟು, ಕಾರ್ಖಾನೆ ಮಾಲಿಗೆ ಬೇಕಾದ ಮಾದರಿ ಪ್ರಮಾಣಪತ್ರದಿಂದ ವಿನಾಯಿತಿ ಕೊಟ್ಟಿದ್ದಾರೆ. ಆದರೆ ಸರ್ಕಾರದ ತಾಣದಲ್ಲಿ ನೋಂದಣಿ ಮಾಡಿಸಿ ಗುರುತಿನ ನಂಬರ್ ಪಡೆಯೋದು, ನ್ಯಾನೋ ಬಿಟ್ಟು ಉಳಿದದ್ದಕ್ಕೆ ಮೂರನೆಯವರ ವಿಮೆ ಮಾಡಿಸೋದು, ಇವೆಲ್ಲ ಇವೆ. ನಿಯಮ ಆಗಾಗ ಬದಲಾಗೋದರಿಂದ ಹಾರಿಸೋ ಮೊದಲು ಒಮ್ಮೆ ವಿಚಾರಿಸೋದು ಜಾಣತನ.

ಎತ್ತರದ ಲೆಕ್ಕ ಇನ್ನೂ ಮುಖ್ಯ. ನಕ್ಷೆಯಲ್ಲಿ ಹಸಿರು ಬಣ್ಣ ಇರೋ ಕಡೆ 400 ಅಡಿವರೆಗೆ ಅಪ್ಪಣೆ ಬೇಡ. ಹಳದಿ ಕಡೆ ಅಪ್ಪಣೆ ಬೇಕು. ಕೆಂಪು ಕಡೆ ಕೈ ಹಾಕಲೇಬೇಡಿ. ಕೆಲಸ ಮಾಡ್ತಿರೋ ವಿಮಾನ ನಿಲ್ದಾಣದ ಗಡಿಯಿಂದ 8 ರಿಂದ 12 ಕಿಲೋಮೀಟರ್ ನಡುವೆ 200 ಅಡಿವರೆಗೆ ಮಾತ್ರ ಹಸಿರು. ಅದಕ್ಕೂ ಹತ್ತಿರವಾದರೆ ಅನುಮತಿ ಇಲ್ಲದೆ ಹಾರಿಸೋ ಹಾಗಿಲ್ಲ. 'ನಮ್ಮ ವಿಮಾನ ನಿಲ್ದಾಣ ದೇವನಹಳ್ಳಿಗೆ ಹೋಯ್ತಲ್ಲ' ಅನ್ನಬೇಡಿ. 2008ರಲ್ಲಿ ಹೋಗಿದ್ದು ಪ್ರಯಾಣಿಕರ ವಿಮಾನ. ಹಳೇ ಎಚ್‌ಎಎಲ್ ನಿಲ್ದಾಣ ಇವತ್ತಿಗೂ ಕೆಲಸ ಮಾಡ್ತಿದೆ. ಬಿಟಿಎಂನವರು, ಜಯನಗರದವರು ನಕ್ಷೆ ನೋಡದೆ ಟೆರೇಸಿನ ಮೇಲೆ ನಿಂತು ಹಾರಿಸೋದು ಬೆಂಕಿ ಜೊತೆ ಆಟ.

ಅಂಗಡಿಯವರಿಗೂ ಒಂದು ಮಾತಿದೆ. 2022ರ ಫೆಬ್ರವರಿ 9ರಂದು ಕೇಂದ್ರ ಸರ್ಕಾರ ಪೂರ್ತಿ ತಯಾರಾದ ವಿದೇಶಿ ಡ್ರೋನ್ ಆಮದನ್ನು, ಕೆಲವು ವಿನಾಯಿತಿ ಬಿಟ್ಟು, ನಿಷೇಧಿಸಿತು. ಬಿಡಿಭಾಗಕ್ಕೆ ಅಡ್ಡಿ ಇಲ್ಲ. ಅಂದ್ರೆ ಡಬ್ಬ ತರಿಸಿ ಮಾರೋ ದಾರಿ ಮುಚ್ಚಿದೆ, ಕೈಯಲ್ಲಿ ಕಟ್ಟೋ ದಾರಿ ತೆರೆದಿದೆ. ಕಟ್ಟೋದು ಕಲಿಸೋ ಕ್ಲಬ್ಬಿಗೆ ಇದಕ್ಕಿಂತ ಒಳ್ಳೇ ಕಾಲ ಬೇಕಾ? ಒಂಟಿ ಹುಡುಗನಿಗೆ ಈ ನಿಯಮದ ಕಾಡು ಅರ್ಥ ಆಗಲ್ಲ. ನಕ್ಷೆ ನೋಡಿ, ಜಾಗ ಗೊತ್ತು ಮಾಡಿ, ಠಾಣೆಗೊಂದು ಮಾತು ತಿಳಿಸಿ ಹಾರಿಸೋಕೆ ನಾಲ್ಕು ಜನ ದೊಡ್ಡವರಿದ್ದರೆ ಅಪ್ಪ ಅಮ್ಮನಿಗೂ ನೆಮ್ಮದಿ.

ದುಡ್ಡಿನ ಲೆಕ್ಕ

'ಶ್ರೀಮಂತರ ಶೋಕಿ' ಅನ್ನೋದು ಇನ್ನೊಂದು ಅಪವಾದ. ಕ್ಲಬ್ಬಿನ ಹಿರಿಯರು ಲಕ್ಷದ ವಿಮಾನ ತಂದು ಮೈದಾನದಲ್ಲಿ ಸಾಲಾಗಿ ನಿಲ್ಲಿಸಿದರೆ ಹುಡುಗ ದೂರದಿಂದಲೇ ಕೈ ಮುಗಿದು ಹೋಗ್ತಾನೆ. ನಿಜವಾದ ಲೆಕ್ಕ ಬೇರೆ. ಮೊದಲ ವಿಮಾನಕ್ಕೆ ಸ್ಟೇಷನರಿ ಅಂಗಡಿಯ ಫೋಮ್ ಹಾಳೆ, ಬಿಸಿ ಅಂಟಿನ ಗನ್ನು, ಒಂದು ಕಟರ್, ಸೈಕಲ್ ಕಡ್ಡಿ, ಟೇಪು ಸಾಕು. ರೆಕ್ಕೆಯ ಅಂಚನ್ನು, ಬಾಲವನ್ನು ಅಲ್ಲಾಡಿಸೋ 9 ಗ್ರಾಂ ಸರ್ವೋ ಮೋಟರು ಎಸ್.ಪಿ. ರೋಡಿನಂಥ ಕಡೆ ನೂರಿನ್ನೂರು ರೂಪಾಯಿ ಆಸುಪಾಸಿಗೆ ಸಿಗುತ್ತೆ. ಫ್ಯಾನ್ ತಿರುಗಿಸೋ ಮೋಟರು, ಅದರ ವೇಗ ಹಿಡಿಯೋ ಸರ್ಕ್ಯೂಟು, ಬ್ಯಾಟರಿ, ಚಾರ್ಜರ್ ಸೇರಿ ಒಂದೆರಡು ಸಾವಿರ ಆಗಬಹುದು. ದುಬಾರಿ ಅಂದ್ರೆ ರಿಮೋಟು ಡಬ್ಬಿ, ಅದು ಕೆಲವು ಸಾವಿರ. ಆದರೆ ಡಬ್ಬಿ ವಿಮಾನದ ಜೊತೆ ಬೀಳಲ್ಲ, ಕೈಯಲ್ಲೇ ಇರುತ್ತೆ. ಒಂದು ಸಲ ತಗೊಂಡರೆ ಹತ್ತು ವಿಮಾನಕ್ಕೆ ಬರುತ್ತೆ.

ಕಲಿಯೋವರೆಗೆ ಆ ಡಬ್ಬಿಯನ್ನು ಕ್ಲಬ್ಬೇ ಕೊಡಲಿ. ಲೈಬ್ರರಿ ಪುಸ್ತಕದ ಹಾಗೆ ಭಾನುವಾರಕ್ಕೆ ತಗೊಂಡು ಭಾನುವಾರವೇ ವಾಪಸ್. ಆಗ ಹುಡುಗನ ಕೈಯಿಂದ ಬೀಳೋದು ಫೋಮ್ ಮತ್ತು ಅಂಟು ಮಾತ್ರ. ಮನೆಯಲ್ಲಿ ಕಂಪ್ಯೂಟರ್ ಇದ್ದರೆ ಪುಕ್ಕಟೆ ಸಿಮ್ಯುಲೇಟರ್‌ಗಳೂ ಇವೆ. ಪರದೆ ಮೇಲೆ ನೂರು ಸಲ ಬಿದ್ದೆದ್ದವನು ಮೈದಾನದಲ್ಲಿ ಅಷ್ಟು ಸುಲಭವಾಗಿ ಬೀಳಲ್ಲ.

ಬ್ಯಾಟರಿ ಅಂದ್ರೆ ಹುಡುಗಾಟ ಅಲ್ಲ

ಇನ್ನು ಅಪಾಯದ ಮಾತನ್ನು ಮುಚ್ಚಿಡಬಾರದು. ಇವತ್ತು ಬಳಸೋದು ಲಿಥಿಯಂ ಪಾಲಿಮರ್ ಬ್ಯಾಟರಿ. ಹಗುರ, ಶಕ್ತಿ ಜಾಸ್ತಿ, ಮುನಿಸೂ ಜಾಸ್ತಿ. ಒಂದು ಕೋಶ 4.2 ವೋಲ್ಟ್ ದಾಟಬಾರದು. ದಾಟಿದರೆ, ಚುಚ್ಚಿದರೆ, ಜಜ್ಜಿದರೆ, ಉಬ್ಬಿದ್ದನ್ನೇ ಮತ್ತೆ ಚಾರ್ಜಿಗೆ ಹಾಕಿದರೆ ಬೆಂಕಿ ಹತ್ತಬಹುದು. ಅದಕ್ಕೆ ತಕ್ಕ ಚಾರ್ಜರೇ ಬೇಕು. ಹಾಸಿಗೆ ಮೇಲೆ, ಪರದೆ ಪಕ್ಕ, ರಾತ್ರಿ ಮಲಗೋವಾಗ ಚಾರ್ಜ್ ಹಾಕೋದು ಬೇಡವೇ ಬೇಡ. ಮಣ್ಣಿನ ಕುಂಡದಲ್ಲಿಟ್ಟು, ಪಕ್ಕದಲ್ಲಿ ಮರಳಿನ ಬಕೆಟ್ಟಿಟ್ಟು, ಕಣ್ಣೆದುರಿಗೇ ಚಾರ್ಜ್ ಮಾಡಬೇಕು. ಫ್ಯಾನಿನ ರೆಕ್ಕೆ ಬೆರಳು ಕುಯ್ಯೋ ಅಷ್ಟು ಹರಿತ. ಬ್ಯಾಟರಿ ಸಿಕ್ಕಿಸಿದ ಮೇಲೆ ಅದರ ಮುಂದೆ ಕೈಯೂ ಬರಬಾರದು, ಮುಖವೂ ಬರಬಾರದು. ಆಕಾಶದಲ್ಲಿ ಹದ್ದುಗಳಿವೆ. ತಮ್ಮ ಜಾಗಕ್ಕೆ ಬಂದ ವಿಮಾನವನ್ನು ಅವು ಅಟ್ಟಿಸಿಕೊಂಡು ಬರೋದುಂಟು. ಆಗ ಇಳಿಸಿಬಿಡಬೇಕು, ಹಕ್ಕಿ ಜೊತೆ ಪೈಪೋಟಿ ಬೇಡ.

ಇದೆಲ್ಲ ಡಬ್ಬದ ಜೊತೆ ಬರೋ ಸಣ್ಣ ಅಕ್ಷರದ ಇಂಗ್ಲಿಷ್ ಕಾಗದದಲ್ಲಿರುತ್ತೆ. ಯಾವ ಹುಡುಗ ಓದ್ತಾನೆ? ಕನ್ನಡದಲ್ಲಿ, ಎದುರಿಗೆ ಕೂತು, ಕೈ ಹಿಡಿದು ಹೇಳೋರು ಬೇಕು. ಕ್ಲಬ್ಬಿಲ್ಲದ ಊರಲ್ಲಿ ಈ ಪಾಠ ಸುಟ್ಟ ಮೇಲೆಯೇ ಸಿಗೋದು.

ಹೊಸಬರನ್ನು ಕರೆಯೋದು ಹೀಗೆ

ಕ್ಲಬ್ಬಿನವರು ಕೇಳ್ತಾರೆ: 'ವಾಟ್ಸಾಪ್ ಗ್ರೂಪ್ ಮಾಡಿದೀವಲ್ಲ ಸಾರ್, ಸೇರಲಿ.' ಸ್ವಾಮಿ, ಗ್ರೂಪಿನಲ್ಲಿ ಇರೋರು ಆಗಲೇ ಗೊತ್ತಿರೋರು. ಗೊತ್ತಿಲ್ಲದವರನ್ನು ಕರೆಯೋದು ಹೇಗೆ ಅನ್ನೋದಲ್ಲವೇ ಪ್ರಶ್ನೆ?

ಒಂದು ಸುಲಭದ ದಾರಿ ಇದೆ. ಅಟ್ಟದ ಮೇಲಿನ ಆ ಕಾರು ನೆನಪಿದೆಯಾ? ತಿಂಗಳಿಗೊಂದು ಭಾನುವಾರ ಯಾವುದಾದರೂ ಶಾಲೆಯ ಅಂಗಳದಲ್ಲೋ ದೇವಸ್ಥಾನದ ಪಕ್ಕದ ಛತ್ರದಲ್ಲೋ ನಾಲ್ಕು ಮೇಜು ಹಾಕಿ. 'ಕೆಟ್ಟ ರಿಮೋಟ್ ಕಾರು ತನ್ನಿ, ಪುಕ್ಕಟೆ ನೋಡಿ ಕೊಡ್ತೀವಿ' ಅಂತ ಕನ್ನಡದಲ್ಲಿ ದಪ್ಪಕ್ಷರದ ಚೀಟಿ ಬರೆದು ದಿನಸಿ ಅಂಗಡಿ, ಬೇಕರಿ, ಕ್ಷೌರದ ಅಂಗಡಿಗಳಲ್ಲಿ ಅಂಟಿಸಿ. ಮುಕ್ಕಾಲು ಪಾಲು ಆಟಿಕೆ ಕೆಟ್ಟಿರೋದು ಬಿಟ್ಟುಹೋದ ತಂತಿಗೋ ತುಕ್ಕು ಹಿಡಿದ ಸೆಲ್ ಕಂಬಿಗೋ ಇರಬಹುದು. ಹುಡುಗನ ಕೈಯಲ್ಲೇ ಸ್ಕ್ರೂಡ್ರೈವರ್ ಕೊಟ್ಟು ಬಿಚ್ಚಿಸಿ. ಸತ್ತ ಕಾರು ಓಡಿದ ಕ್ಷಣ ಅವನ ಮುಖ ನೋಡಿ. ಅವನೇ ನಿಮ್ಮ ಹೊಸ ಮೆಂಬರು. ರಸೀದಿ ಆಮೇಲೆ ಬರೆಯಿರಿ.

ಇನ್ನು ಬಂದವನನ್ನು ಉಳಿಸ್ಕೊಳ್ಳೋದು. ಹೊಸಬ ಮೈದಾನಕ್ಕೆ ಬಂದಾಗ ಹಳಬರೆಲ್ಲ ತಲೆ ತಗ್ಗಿಸಿ ತಮ್ಮ ತಮ್ಮ ಸ್ಕ್ರೂ ತಿರುಗಿಸ್ತಾ ಕೂತರೆ ಅವನು ಎರಡನೇ ವಾರ ಬರಲ್ಲ. ಪ್ರತಿ ವಾರ ಒಬ್ಬ ಹಳಬನಿಗೆ ಡ್ಯೂಟಿ ಹಾಕಿ: ಇವತ್ತು ನೀನು ಹಾರಿಸೋದಿಲ್ಲ, ಬಂದವರನ್ನು ಮಾತಾಡಿಸ್ತೀಯ, ಎರಡನೇ ಡಬ್ಬಿ ಹಿಡೀತೀಯ. ಮೊದಲ ದಿನವೇ ಹೊಸಬನ ಕೈಗೆ ಕಡ್ಡಿ ಕೊಡಿ, ಐದು ನಿಮಿಷ ಸಾಕು. ಜಾಗ, ವಾರ, ಗಂಟೆ ಬದಲಾಯಿಸಬೇಡಿ. ಎರಡನೇ ಭಾನುವಾರ ಬೆಳಗ್ಗೆ ಏಳು ಅಂದ್ರೆ ಮಳೆ ಬಂದರೂ ಒಬ್ಬರಾದರೂ ಅಲ್ಲಿರಬೇಕು.

ಲೆಕ್ಕಪತ್ರ ಸರಿ ಇರಲಿ. ಏಳು ಜನ ಸೇರಿದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಲ್ಲಿ ಸಂಘ ನೋಂದಾಯಿಸಬಹುದು. ಶಾಲೆಯ ಅಂಗಳ ಕೇಳೋಕೆ, ಬ್ಯಾಂಕ್ ಖಾತೆ ತೆರೆಯೋಕೆ, ವಿಮೆ ಮಾಡಿಸೋಕೆ ಒಂದು ಹೆಸರು, ಒಂದು ಮೊಹರು ಬೇಕಲ್ಲ. ವಿದ್ಯಾರ್ಥಿಗಳಿಗೆ ಚಂದಾ ಅರ್ಧ ಇರಲಿ, ಅದೂ ಕಂತಿನಲ್ಲಿ.

ಹೆಣ್ಣುಮಕ್ಕಳಿಗೂ ಬಾಗಿಲು ತೆಗೀರಿ. 'ಅವರಿಗ್ಯಾಕೆ ಇದು' ಅನ್ನೋರು ಹಳ್ಳಿ ಕಡೆ ಒಂದು ಸಲ ನೋಡಿ. 2023ರಲ್ಲಿ ಕೇಂದ್ರ ಸರ್ಕಾರ 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನ್ ಕೊಡೋ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಹೊಲಕ್ಕೆ ಔಷಧಿ, ಗೊಬ್ಬರ ಸಿಂಪಡಿಸೋಕೆ ಹೆಣ್ಣುಮಕ್ಕಳೇ ರಿಮೋಟ್ ಹಿಡೀತಿದ್ದಾರೆ. ಸೀರೆ ಉಟ್ಟ ರೈತ ಮಹಿಳೆ ಹಾರಿಸಬಹುದಾದರೆ ಜೆ.ಪಿ. ನಗರದ ಕಾಲೇಜು ಹುಡುಗಿಗೆ ಏನು ಅಡ್ಡಿ?

ನಿವೃತ್ತರ ಕೈಯಲ್ಲಿರೋ ವಿದ್ಯೆ

ಈ ಊರಿಗೆ ವಿಮಾನ ಹೊಸದಲ್ಲ. 1940ರಲ್ಲಿ ಇಲ್ಲಿ ವಿಮಾನ ಕಾರ್ಖಾನೆ ಬಂತು. 1951ರಲ್ಲಿ ಡಾ. ವಿ.ಎಂ. ಘಾಟಗೆ ಅವರ ತಂಡ ರೂಪಿಸಿದ ಎಚ್‌ಟಿ-2 ತರಬೇತಿ ವಿಮಾನ ಇಲ್ಲಿಂದಲೇ ಮೊದಲ ಸಲ ಮೇಲೆದ್ದಿತು. ಪೈಲಟ್ ಇಲ್ಲದೆ ಹಾರೋ 'ಲಕ್ಷ್ಯ', 'ನಿಶಾಂತ್' ಯಂತ್ರಗಳನ್ನು ರೂಪಿಸಿದ್ದು ಇದೇ ಊರಿನ ರಕ್ಷಣಾ ಪ್ರಯೋಗಾಲಯ. ನಮ್ಮ ಫೋಮ್ ವಿಮಾನಕ್ಕೆ ಇವೆಲ್ಲ ದೊಡ್ಡಣ್ಣಂದಿರು.

ಇವನ್ನೆಲ್ಲ ಕಟ್ಟಿದ ಊರಿನ ಬಡಾವಣೆಗಳಲ್ಲಿ ಎಚ್‌ಎಎಲ್, ಬಿಇಎಲ್, ಐಟಿಐ, ಎಚ್‌ಎಂಟಿಯಿಂದ ನಿವೃತ್ತರಾದ ಎಷ್ಟೋ ಜನ ಇದ್ದಾರೆ. ಅರ ಹಿಡಿದು ಕಬ್ಬಿಣವನ್ನು ಬೆಣ್ಣೆ ಮಾಡಿದವರು. ಕೂದಲೆಳೆ ತಂತಿಗೆ ಕಣ್ಣು ಮಿಟುಕಿಸೋದರೊಳಗೆ ಬೆಸುಗೆ ಹಾಕಿದವರು. ಅವರ ಕಾರ್ಖಾನೆಗಳಲ್ಲಿ ಕೆಲವು ಮುಚ್ಚಿವೆ. ಎಚ್‌ಎಂಟಿ ವಾಚಿನ ಕಥೆ ಎಲ್ಲರಿಗೂ ಗೊತ್ತು. ಕಾರ್ಖಾನೆ ಮುಚ್ಚಿದರೂ ಕೈ ಮರೆತಿಲ್ಲ. ಪಾರ್ಕಿನ ಬೆಂಚಿನ ಮೇಲೆ ಪೇಪರು ಓದ್ತಾ ಕೂತಿರೋ ಆ ಕೈಗಳಿಗೂ, ಮೊಬೈಲು ಉಜ್ಜುತ್ತಾ ಕೂತಿರೋ ಈ ಬೆರಳುಗಳಿಗೂ ಭೇಟಿ ಮಾಡಿಸೋ ಜಾಗ ನಮ್ಮಲ್ಲಿ ಎಷ್ಟಿವೆ, ಎಣಿಸಿ ನೋಡಿ.

ಕ್ಲಬ್ಬು ಮುಚ್ಚಿದರೆ ಹೋಗೋದು ನಾಲ್ಕು ವಿಮಾನ ಅಲ್ಲ. ಹೋಗೋದು ಆ ಕೈಗಳ ವಿದ್ಯೆ. ಪುಸ್ತಕದಲ್ಲಿ ಅದು ಇರಲ್ಲ, ಕೈಯಿಂದ ಕೈಗೇ ದಾಟಬೇಕು. ದಾಟಿಸೋ ಹಿರಿಯರಿಗೆ ಹೆಚ್ಚು ವರ್ಷ ಉಳಿದಿಲ್ಲ ಅನ್ನೋದನ್ನು ಒರಟಾಗಿಯೇ ಹೇಳಬೇಕಾಗಿದೆ.

ಆದ್ದರಿಂದ ಓದುಗ ಮಹಾಶಯರೇ, ಅಂಗಡಿಯವರು ಗಾಜಿನ ಬಾಗಿಲ ಮೇಲೆ ಅಂಥ ಚೀಟಿ ಅಂಟಿಸೋಕೆ ಯಾರಾದರೂ ಬಂದರೆ ಬೇಡ ಅನ್ನಬೇಡಿ. ಅಂಟು, ಟೇಪು, ಫೋಮ್ ಹಾಳೆ ಮಾರೋದು ನೀವೇ ತಾನೇ? ಬಸ್ಸಿನವರು ಪಕ್ಕದ ಸೀಟಿನ ನಿವೃತ್ತ ಯಜಮಾನರನ್ನು ಒಮ್ಮೆ ಮಾತಾಡಿಸಿ, ಯಾವ ಕಾರ್ಖಾನೆಯಲ್ಲಿದ್ರಿ ಅಂತ ಕೇಳಿ. ತಾಯಂದಿರೇ, ಅಟ್ಟದ ಮೇಲಿನ ಡಬ್ಬವನ್ನು ಗುಜರಿಯವನಿಗೆ ಹಾಕೋ ಮೊದಲು ಒಂದು ವಾರ ತಡೆಯಿರಿ. ಕ್ಲಬ್ಬಿನವರಿಗೂ ಒಂದು ಮಾತು: ಆಕಾಶ ನೋಡ್ತಾ ನಿಂತದ್ದು ಸಾಕು, ಬೇಲಿಯಾಚೆ ನಿಂತು ನೋಡ್ತಿರೋ ಹುಡುಗನ ಕಡೆ ತಿರುಗಿ. 'ಬಾರೋ ಮರಿ, ಹಿಡ್ಕೋ' ಅನ್ನಿ. ಅಷ್ಟು ಅನ್ನೋಕೆ ಯಾವ ಲೈಸೆನ್ಸೂ ಬೇಡ.